ಮಂಜುಶ್ರೀ ಬಿಚ್ಚಿ ಕೂಡಿಸಿದ ಎಂಜಿನ್

ನಾಸಿಕದ ಸಾತಪುರದಲ್ಲಿ ಕಾರ್ಖಾನೆಗಳ ಸಾಲು ಮುಗಿದು ಕಾರ್ಮಿಕರ ಮನೆಗಳು ಶುರುವಾಗುವ ತಿರುವಿನಲ್ಲಿ ಮೋಟಾರ್ ಸೈಕಲ್ಲಿನ ಬಿಡಿಭಾಗ ಮಾರುವ ಅಂಗಡಿಯೊಂದಿತ್ತು. ಅದರ ಕೌಂಟರಿನ ಹಿಂದೆ ನಿಲ್ಲುತ್ತಿದ್ದವಳು ಮಂಜುಶ್ರೀ. ಕಲಬುರಗಿ ಜಿಲ್ಲೆಯ ಆಳಂದದವಳು, ಮದುವೆಯಾಗಿ ನಾಸಿಕಕ್ಕೆ ಬಂದವಳು. ಪಾಳಿ ಬಿಟ್ಟಾಗೊಮ್ಮೆ ಗಾಡಿಗಳು ಹೊಳೆಯಂತೆ ಹರಿಯುವ ಆ ರಸ್ತೆಯಲ್ಲಿ ಕ್ಲಚ್ ಪ್ಲೇಟು, ಬ್ರೇಕ್ ಶೂ, ಚೈನು, ಪಿಸ್ಟನ್ ರಿಂಗು ಎಂದು ಕೇಳಿಕೊಂಡು ಬರುವವರಿಗೆ ಬರವಿರಲಿಲ್ಲ. ಗಿರಾಕಿ ಗಾಡಿಯ ಹೆಸರು ಹೇಳಿ ಬಾಯಿ ಮುಚ್ಚುವುದರೊಳಗೆ ಆಕೆಯ ಕೈ ಸರಿಯಾದ ಖಾನೆಗೆ ಹೋಗಿರುತ್ತಿತ್ತು. ಮೆಕ್ಯಾನಿಕ್‌ಗಳು ಅಂಗಡಿಯ ಸೇಠನನ್ನು ಬಿಟ್ಟು ಆಕೆಯನ್ನೇ ಕೇಳುತ್ತಿದ್ದರು.

ಇಷ್ಟಾದರೂ ಆಕೆ ಒಂದು ಎಂಜಿನ್ನನ್ನೂ ಒಳಗಿಂದ ಕಂಡವಳಲ್ಲ. ಅದು ಕೊರತೆ ಎಂದು ಅವಳಿಗೆ ಅನ್ನಿಸಿರಲೂ ಇಲ್ಲ, ಆ ಮಧ್ಯಾಹ್ನದ ತನಕ.

ಆ ಮಧ್ಯಾಹ್ನ ಒಬ್ಬ ಮೆಕ್ಯಾನಿಕ್ ಹಿಂದಿನ ದಿನ ಒಯ್ದಿದ್ದ ರಿಂಗ್ ಸೆಟ್ಟನ್ನು ತಂದು ಕೌಂಟರಿನ ಮೇಲಿಟ್ಟ. ರಿಂಗು ತಪ್ಪು ಕೊಟ್ಟಿದ್ದೀರಿ, ಗಾಡಿ ಹೊಗೆ ಬಿಡುವುದು ನಿಂತಿಲ್ಲ ಎಂದ. ಮಂಜುಶ್ರೀ ಡಬ್ಬಿ ತಿರುಗಿಸಿ ನೋಡಿದಳು. ರಿಂಗು ಸರಿಯಾದದ್ದೇ. ಹಾಗೆಂದು ಹೇಳಿದಳು ಕೂಡ. ಅವನು ಜಗಳಕ್ಕೆ ನಿಲ್ಲಲಿಲ್ಲ, ಸುಮ್ಮನೆ ಕೇಳಿದ: "ಬಾಯಿಯವರೇ, ಸಿಲಿಂಡರಿನ ಒಳಗೆ ರಿಂಗು ಹೇಗೆ ಕೂರುತ್ತೆ ಅಂತ ಒಂದು ಸಲವಾದರೂ ನೋಡಿದ್ದೀರಾ?"

ಸೇಠ ನಡುವೆ ಬಂದು ಬೇರೆ ಸೆಟ್ಟು ಕೊಟ್ಟು ಕಳಿಸಿದ. ಅಂಗಡಿಯ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು. ಮಂಜುಶ್ರೀಗೆ ಮುಗಿಯಲಿಲ್ಲ. ರಿಂಗು ಸರಿ ಇತ್ತೆಂದು ಅವಳಿಗೆ ಗೊತ್ತು, ಆದರೆ ಅವನ ಪ್ರಶ್ನೆಗೆ ಹೌದು ಎನ್ನಲು ಬರಲಿಲ್ಲ. ಇಡೀ ಊರಿಗೆ ಅಡಿಗೆ ಬಡಿಸಿ ತಾನೊಂದು ತುತ್ತೂ ಬಾಯಿಗಿಡದವಳ ಹಾಗಾಯಿತು ತನ್ನ ಬಾಳು ಅಂದುಕೊಳ್ಳುತ್ತ ಮನೆಗೆ ನಡೆದಳು.

ಮನೆಯ ಮೆಟ್ಟಿಲ ಕೆಳಗೆ ಒಂದು ಗಾಡಿ ಬಿದ್ದಿತ್ತು. ನೂರು ಸಿಸಿಯ ಕಪ್ಪು ಮೋಟಾರ್ ಸೈಕಲ್, ಗಂಡ ಶಶಿಕಾಂತನದು. ಮದುವೆಯ ಹೊಸತರಲ್ಲಿ ಕಾರ್ಖಾನೆಯ ಹಿಂದಿನ ಖಾಲಿ ಪ್ಲಾಟಿನಲ್ಲಿ ಅವನು ಹೆಂಡತಿಗೆ ಗಾಡಿ ಹೊಡೆಯುವುದನ್ನು ಕಲಿಸಿದ್ದು ಇದರ ಮೇಲೆಯೇ. ಆಮೇಲೆ ಅವನಿಗೆ ಶೇಂದ್ರಾದ ಹೊಸ ಕಾರ್ಖಾನೆಯಲ್ಲಿ ಚಲೋ ಕೆಲಸ ಸಿಕ್ಕಿತು. ಶೇಂದ್ರಾ ಇರುವುದು ಸಂಭಾಜಿನಗರದ ಆಚೆ. ಬಸ್ಸಿನ ಹಲಗೆಯ ಮೇಲೆ ಆಗಿನ್ನೂ ಸಂಭಾಜಿನಗರಕ್ಕೆ ಔರಂಗಾಬಾದ್ ಎಂಬ ಹಳೆಯ ಹೆಸರೇ ಇತ್ತು. ಅವನು ಅಲ್ಲೊಂದು ಕೋಣೆ ಹಿಡಿದು ರಜೆಗೊಮ್ಮೆ ಬಂದುಹೋಗುತ್ತಿದ್ದ. ನಾಸಿಕದ ಮನೆಯಲ್ಲಿ ಮಂಜುಶ್ರೀ ಮತ್ತು ಅತ್ತೆ ನಾಗಮ್ಮ ಇಬ್ಬರೇ. ಗಾಡಿ ನೀಲಿ ಹೊಗೆ ಬಿಟ್ಟು ಬಿಟ್ಟು, ಏರು ಕಂಡಲ್ಲಿ ನಿಂತು ನಿಂತು, ಕಡೆಗೆ ಚಾಲೂ ಆಗುವುದನ್ನೇ ಬಿಟ್ಟಿತ್ತು.

ಆ ವಾರ ಶಶಿಕಾಂತ ಬಂದವನು ಊಟಕ್ಕೆ ಕೂತಾಗ ಅದರ ಮಾತು ತೆಗೆದ. "ಈ ಸಲ ಹಳೇ ಕಬ್ಬಿಣ ಕೊಳ್ಳೋ ಭಂಗಾರದವನಿಗೆ ಹೇಳಿಬಿಡ್ತೀನಿ. ಕಿಕ್ ಹೊಡದ್ರ ಕಾಲಿಗೆ ಏನೂ ಹತ್ತಂಗಿಲ್ಲ. ಅದರಾಗ ಜೀವ ಉಳದಿಲ್ಲ."

"ಮಾರಬ್ಯಾಡ್ರಿ," ಎಂದಳು ಮಂಜುಶ್ರೀ. "ನನಗ ಬಿಡ್ರಿ. ನಾ ಬಿಚ್ಚಿ ನೋಡ್ತೀನಿ."

ಅವನು ತಟ್ಟೆಯಿಂದ ತಲೆ ಎತ್ತಿದ. ಹೆಂಡತಿ ನಗುತ್ತಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು ಹೇಳಿದ: "ಬಿಚ್ಚೋದು ಯಾರರ ಬಿಚ್ತಾರ. ಕೂಡ್ಸೋದು?"

"ಕೂಡ್ಸೋದೂ ಕಲೀತೀನಿ. ಕೆಟ್ಟ್ರ ನಿಮ್ಮ ಭಂಗಾರದವ ಎಲ್ಲಿ ಹೋಗ್ತಾನ್ರಿ? ಇಲ್ಲೇ ಇರ್ತಾನ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನಾಗಮ್ಮ ಕೈ ನಿಲ್ಲಿಸದೆ ಅಂದಳು: "ಮಾಡ್ಲಿ ಬಿಡೋ ಶಶಿ. ಹ್ಯಾಂಗೂ ಸತ್ತದ್ದು, ಇನ್ನಷ್ಟು ಸಾಯ್ತದೇನು?"

ಶಶಿಕಾಂತ ನಕ್ಕು ಒಪ್ಪಿದ. ಹೆಂಡತಿಯ ಮಾತಿಗೆ ಅಡ್ಡ ಬರುವವನಲ್ಲ ಅವನು. ನಂಬಿದ ಎಂದೇನೂ ಅಲ್ಲ.

ಅಂಗಡಿಯ ಮಗ್ಗುಲಲ್ಲೇ ಸುಧಾಕರ ಎಂಬ ಮರಾಠಿ ಮೆಕ್ಯಾನಿಕ್ಕನ ಗ್ಯಾರೇಜಿತ್ತು. ಮೆದು ಮಾತಿನ ಮನುಷ್ಯ, ಮಂಜುಶ್ರೀಯನ್ನು ಅತ್ತಿಗೆ ಎಂಬಂತೆ 'ವಹಿನಿ' ಎಂದೇ ಕರೆಯುತ್ತಿದ್ದ. ಆಕೆ ಊಟದ ಬಿಡುವಿನಲ್ಲಿ ಅವನ ಗ್ಯಾರೇಜಿಗೆ ಹೋಗಿ ನಿಂತು ನೋಡತೊಡಗಿದಳು. ಮೊದಮೊದಲು ಅವನಿಗೆ ಸಂಕೋಚ. ಆಮೇಲೆ ತಾನಾಗಿಯೇ, "ವಹಿನಿ, ಇವತ್ತು ಹೆಡ್ ಬಿಚ್ಚೋದಿದೆ, ಬನ್ನಿ," ಎಂದು ಕೂಗಿ ಕರೆಯತೊಡಗಿದ. ಯಾವುದನ್ನು ಮೊದಲು ಸಡಿಲಿಸಬೇಕು, ಯಾವುದನ್ನು ಕಡೆಗೆ, ಯಾವ ಬೋಲ್ಟನ್ನು ಒಂದೇ ಏಟಿಗೆ ಬಿಗಿಯದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು ಎಂದು ಕೈಯಲ್ಲೇ ತೋರಿಸಿದ. ಕೌಂಟರಿನಲ್ಲಿ ಡಬ್ಬಿಯೊಳಗೆ ಮಲಗಿರುತ್ತಿದ್ದ ಸಾಮಾನುಗಳು ಅಲ್ಲಿ ಒಂದನ್ನೊಂದು ಹಿಡಿದುಕೊಂಡು ಕೆಲಸ ಮಾಡುವುದನ್ನು ಕಂಡು ಆಕೆಗೆ, ಬರೀ ಹೆಸರು ಕೇಳಿದ್ದ ನೆಂಟರನ್ನೆಲ್ಲ ಒಂದೇ ಮದುವೆಯಲ್ಲಿ ಕಂಡಷ್ಟು ಸಂತೋಷವಾಯಿತು.

ಮಳೆಗಾಲ ಕಳೆದ ಮೇಲೆ ವಾರದ ರಜೆಯ ದಿನ ನೋಡಿ ಅವಳು ಮೆಟ್ಟಿಲ ಕೆಳಗಿನ ಗಾಡಿಯನ್ನು ಅಂಗಳಕ್ಕೆ ಎಳೆದಳು. ಹಳೆಯ ಸೀರೆಯೊಂದನ್ನು ಹಾಸಿ, ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಅದರ ಮೇಲಿಟ್ಟಳು. ತೊಳೆಯಲು ಸೀಮೆಎಣ್ಣೆ ಸುರಿಯಬೇಕೆಂದು ಪರಾತ ತರಲು ಹೋದಾಗ ಮಾತ್ರ ನಾಗಮ್ಮ ಅಡ್ಡ ನಿಂತಳು.

"ಹಿಟ್ಟು ನಾದೋ ಪರಾತದಾಗ ಎಂಜಿನ್ ತೊಳಿತೀ ಏನ ಬೇ?" ಎಂದವಳೇ ಅಟ್ಟದ ಮೇಲಿನಿಂದ ತೂತು ಬಿದ್ದು ಬೆಸುಗೆ ಹಾಕಿಸಿದ ಹಳೆಯ ಪರಾತ ಇಳಿಸಿಕೊಟ್ಟಳು. ಕೊಟ್ಟು ಒಳಗೆ ಹೋಗದೆ ಅಲ್ಲೇ ಕಟ್ಟೆಯ ಮೇಲೆ ಕೂತಳು. ಆ ದಿನದಿಂದ ಆ ಕೆಲಸ ಮುಗಿಯುವ ತನಕ ಆ ಕಟ್ಟೆ ಅವಳ ಜಾಗವಾಯಿತು.

ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ಒಳಗೆ ಮಸಿ ಗಟ್ಟಿಯಾಗಿ ಕೂತಿತ್ತು. ಸಿಲಿಂಡರಿನ ಗೋಡೆಗೆ ಉಗುರು ತಾಗಿಸಿದರೆ ಗೀರು ಸಿಗುತ್ತಿತ್ತು. ರಿಂಗುಗಳು ಬಲವಿಲ್ಲದೆ ಅಳ್ಳಕವಾಗಿದ್ದವು. ಆಕೆ ಸಿಲಿಂಡರನ್ನು ಬೋರಿಂಗ್ ಮಾಡುವವರ ಬಳಿ ಒಯ್ದು ಕೊರೆಸಿದಳು. ಅದಕ್ಕೆ ಹೊಂದುವ ಒಂದು ಅಳತೆ ದೊಡ್ಡ ಪಿಸ್ಟನ್ನನ್ನು ತನ್ನ ಅಂಗಡಿಯಿಂದಲೇ ತೆಗೆದುಕೊಂಡಳು. ಆ ದಿನ ಕೇಳಿದವಳೂ ಅವಳೇ, ಖಾನೆಯಿಂದ ತೆಗೆದುಕೊಟ್ಟವಳೂ ಅವಳೇ.

ವಾಲ್ವು ಕೂರಿಸುವ ಕೆಲಸ ಬೇರೆ ಥರದ್ದು. ಎಂಜಿನ್ನಿನ ಒಳಕ್ಕೆ ಪೆಟ್ರೋಲು ಗಾಳಿ ಬಿಡುವ ಬಾಗಿಲೊಂದು, ಸುಟ್ಟ ಹೊಗೆ ಹೊರಗೆ ಹೋಗುವ ಬಾಗಿಲೊಂದು, ಇವೇ ಆ ವಾಲ್ವುಗಳು. ಬಾಗಿಲು ಚೌಕಟ್ಟಿಗೆ ಕೂದಲೆಳೆಯ ಸಂದಿಲ್ಲದೆ ಕೂರಬೇಕಾದರೆ ನಡುವೆ ಮಸಾಲೆಯಂಥ ಒರಟು ಪೇಸ್ಟು ಹಚ್ಚಿ, ಕಡ್ಡಿಯೊಂದನ್ನು ವಾಲ್ವಿಗೆ ಅಂಟಿಸಿ, ಅಂಗೈಗಳ ನಡುವೆ ಆ ಕಡ್ಡಿಯನ್ನು ಅತ್ತಿತ್ತ ತಿರುಗಿಸುತ್ತ ತಿಕ್ಕಬೇಕು. ಮಂಜುಶ್ರೀ ತಿಕ್ಕಿದಳು. ಕೈ ಸೋತಿತು. ಕಡ್ಡಿ ಮತ್ತೆ ಮತ್ತೆ ಜಾರಿತು.

ನಾಗಮ್ಮ ಎಷ್ಟು ಹೊತ್ತು ನೋಡಿಯಾಳು? "ಇತ್ತ ಕೊಡು. ಮಜ್ಜಿಗಿ ಕಡ್ಯೋದು ಈಗಿನವರಿಗೆಲ್ಲಿ ಬರ್ತದ," ಎಂದು ಸೆರಗು ಸಿಕ್ಕಿಸಿ ಹೆಡ್ಡನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡಳು. ಕಡಗೋಲು ಹಿಡಿದು ಬೆಳೆದ ಕೈ ಅದು. ಕಡ್ಡಿ ಅವಳ ಅಂಗೈಯಲ್ಲಿ ಜಾರಲೂ ಇಲ್ಲ, ತಾಳ ತಪ್ಪಲೂ ಇಲ್ಲ. ನಡುನಡುವೆ ಎತ್ತಿ, ತಿರುಗಿಸಿ, ಮತ್ತೆ ತಿಕ್ಕಿದಳು. ಒರೆಸಿ ನೋಡಿದರೆ ವಾಲ್ವಿನ ಅಂಚಿನ ಸುತ್ತ ಬೂದು ಬಣ್ಣದ ಒಂದು ಪಟ್ಟಿ, ಎಲ್ಲೂ ಮುರಿಯದೆ, ಒಂದೇ ಅಗಲದಲ್ಲಿ ಮೂಡಿತ್ತು. ಮಂಜುಶ್ರೀ ವಾಲ್ವು ಜೋಡಿಸಿ, ಸೋರುತ್ತದೋ ನೋಡಲು ಅದರ ಹಿಂದೆ ಸೀಮೆಎಣ್ಣೆ ತುಂಬಿಟ್ಟಳು. ಅತ್ತೆ ಸೊಸೆ ಚಹಾ ಕುಡಿದು ಬರುವ ತನಕವೂ ಒಂದು ಹನಿ ಆಚೆ ಇಳಿದಿರಲಿಲ್ಲ.

"ಇದು ಅತ್ತೀ ಕೈ ಕೆಲಸ," ಎಂದಳು ಮಂಜುಶ್ರೀ. ನಾಗಮ್ಮ ಕೇಳಿಸದವಳಂತೆ ಅಂಗೈ ಒರೆಸಿಕೊಂಡಳು.

ಕೂಡಿಸುವುದಕ್ಕೆ ಮುಂದಿನ ರಜೆ ಇಡೀ ಹಿಡಿಯಿತು. ರಿಂಗುಗಳ ಬಾಯಿ ಒಂದರ ಮೇಲೊಂದು ಬಾರದಂತೆ ತಿರುಗಿಸಿ, ಬೆರಳಿನಿಂದ ಅದುಮಿ ಹಿಡಿದು, ಸಿಲಿಂಡರನ್ನು ಪಿಸ್ಟನ್ನಿನ ಮೇಲೆ ಇಳಿಸುವಾಗ ಎರಡು ಬೆರಳು ಕೊಯ್ದುಹೋದವು. ಆದರೆ ರಿಂಗು ಒಂದೊಂದಾಗಿ ಒಳಗೆ ಜಾರಿ, ಪಿಸ್ಟನ್ನು ಎಣ್ಣೆಯ ಮೇಲೆ ನುಣ್ಣಗೆ ಹತ್ತಿಳಿದಾಗ ಆಕೆ ಕೌಂಟರಿಗೆ ಬಂದಿದ್ದ ಮೆಕ್ಯಾನಿಕ್ಕನ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಕೊಟ್ಟಳು: ನೋಡೀನಿ, ರಿಂಗು ಹಿಂಗ ಕೂಡ್ತದ. ಹೆಡ್ ಬಿಗಿದಳು, ಎಂಜಿನ್ನಿನ ಒಳಗಿನ ಚೈನನ್ನು ಗುರುತಿಗೆ ಗುರುತು ಸೇರಿಸಿ ಹಾಕಿದಳು, ಕಡೆಯದಾಗಿ ಟ್ಯಾಪೆಟ್ ಸೆಟ್ ಮಾಡಿದಳು. ವಾಲ್ವನ್ನು ಒತ್ತಿ ತೆರೆಯುವ ತೋಳಿಗೂ ವಾಲ್ವಿನ ತಲೆಗೂ ನಡುವೆ ಕಾಗದದಷ್ಟು ಸಂದು ಬಿಡುವುದೇ ಟ್ಯಾಪೆಟ್ ಸೆಟ್ಟಿಂಗು.

ಮರುದಿನ ಬೆಳಿಗ್ಗೆ ಸುಧಾಕರ ಕಂಪ್ರೆಷನ್ ಗೇಜನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೇ ಬಂದ. "ಚಾಲೂ ಮಾಡುವ ಮುಂಚೆ ಇದನ್ನು ಕೇಳೋಣ, ವಹಿನಿ. ಒಳಗಿನ ಎಲ್ಲ ಬಾಗಿಲು ಮುಚ್ಚಿದ್ದರೆ, ರಿಂಗು ಸರಿ ಕೂತಿದ್ದರೆ, ಪಿಸ್ಟನ್ ಮೇಲೆ ಬಂದಾಗ ಗಾಳಿ ಇಕ್ಕಟ್ಟಾಗುತ್ತೆ. ಎಷ್ಟು ಇಕ್ಕಟ್ಟು ಅಂತ ಇದು ಹೇಳುತ್ತೆ." ಪ್ಲಗ್ ತೆಗೆದು ಆ ತೂತಿಗೆ ಗೇಜ್ ತಿರುಗಿಸಿ ಕೂರಿಸಿದ. ಮಂಜುಶ್ರೀ ಆಕ್ಸಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು ಕಿಕ್ ಹೊಡೆದಳು. ಮತ್ತೆ ಮತ್ತೆ ಹೊಡೆದಳು.

ಮುಳ್ಳು ಅರವತ್ತಕ್ಕೆ ಹೋಗಿ ಕೂತುಬಿಟ್ಟಿತು. ಬರಬೇಕಾದದ್ದು ನೂರೈವತ್ತರ ಆಸುಪಾಸು.

ಸುಧಾಕರ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಹೊಡೆಯಲು ಹೇಳಿದ. ರಿಂಗಿನ ಸಂದಿಯಿಂದ ಗಾಳಿ ಹೋಗುತ್ತಿದ್ದರೆ ಎಣ್ಣೆ ಆ ಸಂದಿ ಮುಚ್ಚಿ ಮುಳ್ಳು ಏರಬೇಕಿತ್ತು. ಏರಲಿಲ್ಲ.

"ರಿಂಗು ಸರಿ ಇವೆ," ಎಂದ ಅವನು. "ಗಾಳಿ ಮೇಲಿನಿಂದ ಹೋಗುತ್ತಿದೆ. ವಾಲ್ವೇ ಇರಬೇಕು. ಹೆಡ್ ಮತ್ತೆ ಬಿಚ್ಚಬೇಕಾಗುತ್ತೆ. ಬೇಜಾರಾಗಬೇಡಿ, ನನ್ನ ಮೊದಲ ಎಂಜಿನ್ನು ಚಾಲೂನೇ ಆಗಿರಲಿಲ್ಲ." ಗ್ಯಾರೇಜಿನಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಗೇಜನ್ನು ಅಲ್ಲೇ ಬಿಟ್ಟು ಹೋದ.

ಮಂಜುಶ್ರೀ ಬಂದು ಕಟ್ಟೆಯ ಮೇಲೆ ಕೂತಳು. ಗಂಡನಿಗೆ ಏನು ಹೇಳಲಿ ಎಂಬ ಚಿಂತೆಗಿಂತ, ಪಕ್ಕದಲ್ಲಿ ಕೂತ ಅತ್ತೆಯ ಮುಖ ನೋಡುವುದೇ ಕಷ್ಟವಾಗಿತ್ತು.

"ನಾ ತಿಕ್ಕಿದ್ದು ತಪ್ಪಾತೇನು?" ನಾಗಮ್ಮ ಮೆಲ್ಲಗೆ ಕೇಳಿದಳು.

"ಹನಿ ಸೀಮೆಎಣ್ಣಿ ಸೋರಿಲ್ಲರಿ ಅತ್ತಿ. ನಾನೇ ನೋಡೀನಿ." ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಹನಿ ಸೋರದ ಬಾಗಿಲಿನಲ್ಲಿ ಗಾಳಿ ಹೇಗೆ ಹೋದೀತು? ಎದ್ದಳು. ಗೇಜ್ ಬಿಚ್ಚಿ ಪ್ಲಗ್ ಹಾಕಿದಳು. "ನೀವೊಂದು ಕೆಲಸ ಮಾಡ್ರಿ. ಸೈಲೆನ್ಸರಿನ ಬಾಯಿಗೆ ಕಿವಿ ಕೊಡ್ರಿ."

ಕಿಕ್ ಲಿವರನ್ನು ಈ ಸಲ ಹೊಡೆಯದೆ, ಎರಡೂ ಕೈಯಿಂದ ನಿಧಾನವಾಗಿ ಒತ್ತಿದಳು. ಒಂದೆಡೆ ಸ್ವಲ್ಪ ತಡೆದಂತಾಗಿ, ಆಮೇಲೆ ಲಿವರು ಸೋತು ಕೆಳಗಿಳಿಯಿತು.

"ಉಸ್ ಅಂತ ಬರ್ಲಾಕತ್ತದ," ಎಂದಳು ನಾಗಮ್ಮ. "ಸಣ್ಣಗ. ಮುಚ್ಚಳ ಸರಿ ಕೂಡದ ಕುಕ್ಕರಿನಂಗ."

ಹಾಗಾದರೆ ಹೊಗೆ ಹೋಗುವ ಬಾಗಿಲು. ಬಾಗಿಲು ಸರಿ ಇದೆ, ಚೌಕಟ್ಟು ಸರಿ ಇದೆ, ಆದರೂ ಮುಚ್ಚುತ್ತಿಲ್ಲ ಎಂದರೆ ಅದನ್ನು ಏನೋ ಒತ್ತಿ ಹಿಡಿದಿರಬೇಕು. ಒತ್ತುವುದು ಯಾವುದು? ಮೇಲಿನ ಆ ತೋಳು. ಮಂಜುಶ್ರೀ ಟ್ಯಾಪೆಟ್ಟಿನ ಮುಚ್ಚಳ ತೆಗೆದು, ಪಿಸ್ಟನ್ನನ್ನು ಗುರುತಿಗೆ ತಂದು ನಿಲ್ಲಿಸಿ, ಅಳತೆಯ ತೆಳು ತಗಡನ್ನು ಸಂದಿಗೆ ತೂರಿಸಿದಳು. ತಗಡು ಹೋಗಲಿಲ್ಲ. ಹೋಗಲು ಸಂದೇ ಇರಲಿಲ್ಲ.

ನಿನ್ನೆ ತಾನು ಮಾಡಿದ್ದು ಆಗ ಕಣ್ಣಿಗೆ ಕಟ್ಟಿತು. ತಗಡು ಇಟ್ಟು ಸಂದು ಸರಿಮಾಡಿದ್ದಳು, ಸರಿಯೇ. ಆಮೇಲೆ ತಗಡು ಹೊರಗೆಳೆದು ನಟ್ಟು ಬಿಗಿದಿದ್ದಳು, ನಡುವಿನ ಸ್ಕ್ರೂವನ್ನು ಹಿಡಿಯದೆ. ನಟ್ಟಿನ ಜೊತೆ ಸ್ಕ್ರೂವೂ ತಿರುಗಿ ಸಂದನ್ನೆಲ್ಲ ನುಂಗಿಬಿಟ್ಟಿತ್ತು. ಬಾಗಿಲಿನದೇನೂ ತಪ್ಪಿಲ್ಲ, ಹೊಸ್ತಿಲ ಮೇಲೆ ಕಲ್ಲಿಟ್ಟವಳು ತಾನೇ. ಅವಳಿಗೆ ನಗು ಬಂತು. ತನ್ನ ಮೇಲೆ ಸಿಟ್ಟೂ ಬಂತು.

ಈ ಸಲ ಸ್ಕ್ರೂ ಅಲುಗದಂತೆ ಹಿಡಿದು ನಟ್ಟು ಬಿಗಿದಳು. ಬಿಗಿದ ಮೇಲೆ ಮತ್ತೆ ತಗಡು ತೂರಿಸಿ ನೋಡಿದಳು. ಬೆಣ್ಣೆ ಸವರಿದ ರೊಟ್ಟಿಯ ಮೇಲೆ ಬೆರಳೆಳೆದಷ್ಟು ಹಿತವಾದ ಬಿಗಿ. ಗೇಜ್ ಕೂರಿಸಿದಳು.

"ಅತ್ತಿ, ಮುಳ್ಳು ನೋಡ್ರಿ. ನಾ ಕಿಕ್ ಹೊಡಿತೀನಿ."

"ನನಗ ಅದರ ಮ್ಯಾಲಿನ ಅಂಕಿ ತಿಳ್ಯಂಗಿಲ್ಲ."

"ಅಂಕಿ ಬ್ಯಾಡ. ಎಲ್ಲಿ ಹೊಂಟದ ಅಷ್ಟು ಹೇಳ್ರಿ."

ಮೊದಲ ಕಿಕ್ಕಿಗೇ ಕಾಲಿಗೆ ಗೊತ್ತಾಯಿತು. ಲಿವರು ಎದುರು ನಿಂತಿತು. ಒದ್ದರೆ ತಿರುಗಿ ಒದೆಯುವ ಎಮ್ಮೆಯ ಹಾಗೆ.

"ಏರ್ಲಾಕತ್ತದ," ಎಂದಳು ನಾಗಮ್ಮ. ಇನ್ನೊಂದು ಕಿಕ್. "ನಿನ್ನೆ ನಿಂತಿದ್ದ ಜಾಗ ದಾಟ್ತು." ಇನ್ನೊಂದು. "ಈಗ ನೆಟ್ಟಗ ಮುಗಿಲು ನೋಡ್ತದ." ಮತ್ತೊಂದು. "ಆ ಕಡಿ ವಾಲ್ತು ನೋಡು, ವಾಲಿ ನಿಂತ್ತು."

ನಿನ್ನೆಯಲ್ಲ, ಅದು ಅದೇ ಬೆಳಿಗ್ಗೆಯ ಮಾತು. ಆದರೆ ಇಬ್ಬರಿಗೂ ಒಂದು ದಿನ ಕಳೆದಂತೆಯೇ ಅನ್ನಿಸಿತ್ತು. ಮಂಜುಶ್ರೀ ಬಾಗಿ ನೋಡಿದಳು. ಮುಳ್ಳು ನೂರಾ ಅರವತ್ತರ ಮೇಲೆ ಕೂತಿತ್ತು.

ಪ್ಲಗ್ ಹಾಕಿ, ಪೆಟ್ರೋಲಿನ ಕಾಕು ತಿರುಗಿಸಿ, ಬೀಗದ ಕೈ ಹಾಕಿದಳು. ಮೊದಲ ಕಿಕ್ಕಿಗೆ ಕೆಮ್ಮಿತು. ಎರಡನೆಯದಕ್ಕೆ ಹಿಡಿಯಿತು. ಸಿಲಿಂಡರಿಗೆ ಬಿಟ್ಟಿದ್ದ ಎಣ್ಣೆ ದಟ್ಟ ಹೊಗೆಯಾಗಿ ಅಂಗಳ ತುಂಬಿ, ಮೇಲಿನ ಮನೆಯವರು ಕಿಟಕಿ ಮುಚ್ಚಿಕೊಂಡರು. ಹೊಗೆ ತೆಳುವಾಯಿತು, ಆಮೇಲೆ ಇಲ್ಲವಾಯಿತು. ಉಳಿದದ್ದು ಎಂಜಿನ್ನಿನ ಸದ್ದೊಂದೇ, ಒಂದೇ ಸಮ, ಗಿರಣಿಯ ಕಲ್ಲು ತಿರುಗಿದ ಹಾಗೆ. ನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊಗೆಯನ್ನು ಬೈದಳು. ಮಂಜುಶ್ರೀಗೆ ತಾನು ನಗುತ್ತಿದ್ದೇನೆಂದು ದವಡೆ ನೋಯುವ ತನಕ ತಿಳಿಯಲಿಲ್ಲ.

ಗ್ಯಾರೇಜಿನ ಮುಂದೆ ಗಾಡಿ ತಂದು ನಿಲ್ಲಿಸಿದಾಗ ಸುಧಾಕರ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು ಎದ್ದು ಬಂದ. ಏನಾಗಿತ್ತೆಂದು ಕೇಳಿದ, ಆಕೆ ಹೇಳಿದಳು. ಎಣ್ಣೆಯ ದೆಸೆಯಿಂದ ಮುಳ್ಳು ಏರಿದ್ದರೂ ಏರಿರಬಹುದು ಎಂದು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ತಾನೇ ಗೇಜ್ ಹಚ್ಚಿ ಮತ್ತೆ ನೋಡಿದ. ಮುಳ್ಳು ನೂರೈವತ್ತು ದಾಟಿಯೇ ನಿಂತಿತು.

"ಇನ್ನು ಮೇಲೆ ನೀವು ನನ್ನ ಗ್ಯಾರೇಜಿನಲ್ಲಿ ನಿಂತು ನೋಡೋ ಹಾಗಿಲ್ಲ, ವಹಿನಿ," ಎಂದ. "ಬಂದರೆ ಕೂತು ಕೆಲಸ ಮಾಡಬೇಕು."

ಹೊಸ ಪಿಸ್ಟನ್ನು ಪಳಗುವ ತನಕ ಗಾಡಿಯನ್ನು ಜೋರು ಮಾಡದೆ ಅಂಗಡಿಗೆ, ಸಂತೆಗೆ, ಗಂಗಾಪುರದ ಅಣೆಕಟ್ಟಿನ ರಸ್ತೆಗೆ ಓಡಿಸಿದಳು. ಚಳಿ ಬಿದ್ದಾಗ ನಾಗಮ್ಮನಿಗೆ ವೇರೂಳದ ಜ್ಯೋತಿರ್ಲಿಂಗ, ಘೃಷ್ಣೇಶ್ವರನ ದರ್ಶನ ಮಾಡಬೇಕೆನ್ನಿಸಿತು. ಸಂಭಾಜಿನಗರಕ್ಕೆ ಹೋಗಿ, ಶಶಿಕಾಂತನನ್ನು ಕೂಡಿಕೊಂಡು ಹೋಗುವುದೆಂದಾಯಿತು. ನೀವು ಬಸ್ಸಿಗೆ ಬನ್ನಿ, ನಾನು ಗಾಡಿಯ ಮೇಲೆ ಬರುತ್ತೇನೆ, ದೂರದ ದಾರಿ ಎಂದಳು ಮಂಜುಶ್ರೀ.

"ಬಸ್ಸಿನ್ಯಾಗ ಕುಂತ್ರ ನಾ ತಿಕ್ಕಿದ ವಾಲ್ವು ಹ್ಯಾಂಗ ಓಡ್ತದ ಅಂತ ನನಗೆ ಹ್ಯಾಂಗ ತಿಳೀಬೇಕು?" ಎಂದಳು ನಾಗಮ್ಮ. ಮಂಜುಶ್ರೀ ಹಿಂದಿನ ಸೀಟು ಒರೆಸಿ ಅತ್ತೆಗೆ ಜಾಗ ಮಾಡಿದಳು.

ನಸುಕಿನಲ್ಲೇ ಹೊರಟರು. ನಿಫಾಡದ ದ್ರಾಕ್ಷಿ ತೋಟ ದಾಟಿ, ಯೇವಲೆಯಲ್ಲಿ ಚಹಾ ಕುಡಿದು, ವೈಜಾಪುರದಲ್ಲಿ ಕಟ್ಟಿಕೊಂಡು ಬಂದ ರೊಟ್ಟಿ ಪಲ್ಯ ಉಂಡು, ನಾಗಮ್ಮನ ಸೊಂಟಕ್ಕೆ ಅಲ್ಲಲ್ಲಿ ಬಿಡುವು ಕೊಡುತ್ತ ಸಾಗಿದರು. ನಿಂತಲ್ಲೆಲ್ಲ ನಾಗಮ್ಮ ಬಾಗಿ ಸೈಲೆನ್ಸರಿನ ಬಾಯಿ ನೋಡುತ್ತಿದ್ದಳು. ಹೊಗೆ ಇಲ್ಲ. ಸಂಭಾಜಿನಗರ ದಾಟಿ ಶೇಂದ್ರಾದ ಕಾರ್ಖಾನೆಯ ಗೇಟಿಗೆ ಬರುವ ಹೊತ್ತಿಗೆ ಪಾಳಿ ಬಿಡುತ್ತಿತ್ತು.

ಶಶಿಕಾಂತ ಸಂಗಾತಿಗಳ ಜೊತೆ ಹೊರಗೆ ಬಂದ. ಅವ್ವ ಮತ್ತು ಹೆಂಡತಿ ಸಂಜೆಯ ಬಸ್ಸಿಗೆ ಬರುವರೆಂದೇ ಅವನ ಎಣಿಕೆ. ಗೇಟಿನ ಎದುರು ಧೂಳು ಮೆತ್ತಿದ ಇಬ್ಬರು ಹೆಂಗಸರನ್ನೂ ನಡುವೆ ನಿಂತ ಕಪ್ಪು ಗಾಡಿಯನ್ನೂ ಕಂಡು ಅವನು ಊಟದ ಡಬ್ಬಿಯ ಚೀಲ ಹಿಡಿದುಕೊಂಡೇ ನಿಂತುಬಿಟ್ಟ. ಆಮೇಲೆ ಹತ್ತಿರ ಬಂದು ಕಿಕ್ ಲಿವರನ್ನು ಕೈಯಿಂದ ಒತ್ತಿ ನೋಡಿದ. ಅದು ಇಳಿಯಲಿಲ್ಲ. ಇನ್ನೂ ಬಲ ಹಾಕಿದ.

"ಸುಧಾಕರ ಚಲೋ ಮಾಡ್ಯಾನ," ಎಂದ ಕಡೆಗೆ.

"ಸುಧಾಕರ ಗೇಜ್ ಕೊಟ್ಟಾನ," ಎಂದಳು ನಾಗಮ್ಮ. "ಮಾಡಿದಾಕಿ ನಿನ್ನ ಹೆಂಡತಿ. ವಾಲ್ವು ಮಾತ್ರ ನಂದು."

ಸಂಗಾತಿಗಳು ಸುತ್ತ ನಿಂತು ಕೇಳುತ್ತಿದ್ದರು. ಶಶಿಕಾಂತ ಹೆಂಡತಿಯ ಕಡೆ ನೋಡಿದ. ಗಾಯ ಮಾಯ್ದ ಆಕೆಯ ಬೆರಳುಗಳನ್ನು ನೋಡಿದ. "ಕೂಡ್ಸಿಬಿಟ್ಟಿಯಲ್ಲ," ಎಂದ. ಅಷ್ಟು ಹೇಳುವಾಗ ಅವನ ದನಿಯಲ್ಲಿದ್ದ ಹೆಮ್ಮೆ ಮಂಜುಶ್ರೀಗೆ ದಾರಿಯ ದಣಿವನ್ನೆಲ್ಲ ಇಳಿಸಿತು.

ಮರುದಿನ ವೇರೂಳಕ್ಕೆ ಮೂವರು, ಗಾಡಿ ಒಂದು. ಶಶಿಕಾಂತ ಬೀಗದ ಕೈಗೆ ಕೈ ಚಾಚಿದ. ನಾಗಮ್ಮ ಅಷ್ಟರಲ್ಲಿ ಹಿಂದಿನ ಸೀಟಿನ ಮೇಲೆ ಕೂತಾಗಿತ್ತು. "ನಾವಿಬ್ಬರೂ ಹಿಂಗ ಬಂದೀವಿ, ಹಿಂಗ ಹೋಗ್ತೀವಿ. ನೀ ಬಸ್ಸಿಗೆ ಬಾ."

ದೌಲತಾಬಾದಿನ ಕೋಟೆ ದಾಟಿದ ಮೇಲೆ ಘಾಟಿನ ಏರು ಶುರುವಾಗುತ್ತದೆ. ಹಿಂದೆ ಈ ಗಾಡಿ ನಿಂತುಬಿಡುತ್ತಿದ್ದದ್ದು ಇಂಥ ಏರಿನಲ್ಲೇ. ಮಂಜುಶ್ರೀ ಗೇರು ಇಳಿಸಿ ಆಕ್ಸಲರೇಟರು ತಿರುಗಿಸಿದಳು. ಎಂಜಿನ್ನು ದನಿ ದಪ್ಪ ಮಾಡಿ ಇಬ್ಬರನ್ನೂ ಹೊತ್ತು ಏರಿತು, ತಿರುವಿನಲ್ಲಿ ಏರಿತು, ಹಳೆಯ ಕಲ್ಲಿನ ಕಮಾನಿನ ಕೆಳಗೆ ತೂರಿ ಏರಿತು. ಮುಂದೆ ಸರ್ಕಾರಿ ಎಸ್‌ಟಿ ಬಸ್ಸೊಂದು ಏದುಸಿರು ಬಿಡುತ್ತ ಹತ್ತುತ್ತಿತ್ತು. ಅದರ ಪಕ್ಕದಲ್ಲಿ ಹಾದುಹೋಗುವಾಗ ಕಿಟಕಿಯಲ್ಲಿ ಶಶಿಕಾಂತನ ಮುಖ ಕಂಡಿತು. ನಾಗಮ್ಮ ಮಗನಿಗೆ ಕೈ ಬೀಸಿದಳು, ಮೆರವಣಿಗೆ ಹೊರಟ ರಾಣಿಯ ಹಾಗೆ.

ಅದಾದ ಮೇಲೆ ಮಂಜುಶ್ರೀ ಬೆಳಿಗ್ಗೆ ಕೌಂಟರಿನಲ್ಲಿ ನಿಂತು ಸಂಜೆ ಸುಧಾಕರನ ಗ್ಯಾರೇಜಿನಲ್ಲಿ ಕೂರುವುದು ರೂಢಿಯಾಯಿತು. ಕೆಲವು ವರ್ಷಕ್ಕೆ ಮನೆಯನ್ನೇ ಸಂಭಾಜಿನಗರಕ್ಕೆ ಸಾಗಿಸಿದಾಗ, ಶೇಂದ್ರಾದ ದಾರಿಯಲ್ಲಿ ತನ್ನದೇ ಗ್ಯಾರೇಜು ತೆರೆದಳು. ನಾಗಮ್ಮ ದಿನವೂ ಬಂದು ಬಾಗಿಲ ಬಳಿ ಕೂತು, ವಾಲ್ವಿನ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡದೆ ನಡೆಸಿದಳು.

ಒಂದು ಸಲ ಹೊಗೆ ಬಿಡುವ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಒಬ್ಬ ರೈತ ಬಂದ. ಯಾವೂರೆಂದು ನಾಗಮ್ಮ ಕೇಳಿದಳು. "ಕನ್ನಡ," ಎಂದ. ಅದು ಘಾಟಿನ ಆಚೆಯ ತಾಲೂಕು ಊರಿನ ಹೆಸರು. ನಾಗಮ್ಮ ಖುಷಿಯಿಂದ ಕನ್ನಡದಲ್ಲೇ ಮಾತಿಗಿಳಿದಳು: ಮಳೆ ಆತೇನು, ಮಕ್ಕಳೆಷ್ಟು. ಅವನು ಕಣ್ಣು ಪಿಳುಕಿಸುತ್ತ ಮಂಜುಶ್ರೀಯ ಮುಖ ನೋಡಿದ.

"ಅತ್ತಿ, ಅವರು ಕನ್ನಡದವರು, ಆದ್ರ ಅವರಿಗೆ ಕನ್ನಡ ಬರಂಗಿಲ್ಲ," ಎಂದಳು ಮಂಜುಶ್ರೀ, ಪ್ಲಗ್ ಬಿಚ್ಚಿ ಗೇಜ್ ಕೂರಿಸುತ್ತ.

"ಬರ್ದಿದ್ರ ಬಿಡು," ಎಂದಳು ನಾಗಮ್ಮ. "ಗಾಡಿ ರಿಪೇರಿ ಆಗೋತನ ಕುಂತಿರ್ತಾನಲ್ಲ, ಅಷ್ಟೊತ್ತಿಗೆ ನಾಕು ಮಾತು ಕಲಿಸಿ ಕಳಿಸ್ತೀನಿ."